ಕತ್ತಿನಲ್ಲೊಂದು ಕಿಡ್ನಿಯ ಗಂಟು

ನನ್ನ ಸೋದರಮಾವನ ಒಂದು ಕಿಡ್ನಿಯಲ್ಲಿ ಕ್ಯಾನ್ಸರ್ ಅಂತ 2012ರಲ್ಲಿ ಅದನ್ನು ತೆಗೆದಿದ್ದರು. ಆಮೇಲೆ ಐದು ವರ್ಷ ತಪ್ಪದೆ ಸ್ಕ್ಯಾನ್. ಎಲ್ಲವೂ ಸರಿ. ನಿಧಾನಕ್ಕೆ ಮನೆಯಲ್ಲಿ ಆ ಶಬ್ದ ಎತ್ತುವುದನ್ನೇ ಬಿಟ್ಟರು. ಮಾವ ತೋಟ, ಅಡಿಕೆ, ಯಕ್ಷಗಾನ ಅಂತ ಆರಾಮಾಗಿದ್ದ.

2024ರಲ್ಲಿ ಕತ್ತಿನ ಮುಂದೆ ಒಂದು ಗಂಟು ಕಾಣಿಸಿತು. ನೋವಿಲ್ಲ, ಏನಿಲ್ಲ. 'ಥೈರಾಯ್ಡ್ ಇರಬೇಕು, ಈಗ ಯಾರಿಗಿಲ್ಲ ಅದು?' ಅಂದರು ಎಲ್ಲರೂ. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯಲ್ಲೂ ಥೈರಾಯ್ಡಿನದೇ ಗಡ್ಡೆ ಇರಬಹುದು ಅಂತ ಬಂತು. 'ಹಿಂದೆ ಏನಾದರೂ ಆಪರೇಶನ್ ಆಗಿತ್ತಾ?' ಅಂತ ಡಾಕ್ಟರು ಕೇಳಿದರೆ ಮಾವ 'ಅದೆಲ್ಲ ಮುಗಿದ ಕಥೆ' ಅಂದುಬಿಟ್ಟ. ಅತ್ತೆ ಬಿಡಲಿಲ್ಲ. ಚೀಲದಿಂದ ಹಳೇ ಫೈಲ್ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನು ಪೂರ್ತಿ ಓದಿ ಬಯಾಪ್ಸಿಗೆ ಬರೆದರು.

ಥೈರಾಯ್ಡ್ ಜೀವಕೋಶಗಳಲ್ಲಿ ಥೈರೋಗ್ಲೋಬ್ಯುಲಿನ್ ಅನ್ನೋ ಪ್ರೋಟೀನ್ ಇರುತ್ತದೆ. ಈ ಗಡ್ಡೆಯ ಕೋಶಗಳಲ್ಲಿ ಅದು ಇರಲಿಲ್ಲ. ಕಿಡ್ನಿ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಸಿಗುವ ಸಿಡಿ10 ಇತ್ತು. ಅಂದರೆ ಹನ್ನೆರಡು ವರ್ಷ ಎಲ್ಲೋ ಸುಮ್ಮನೆ ಕೂತಿದ್ದ ಹಳೇ ಕೋಶಗಳೇ!

'ಅಲ್ಲವೋ ಮಾರಾಯ, ಕಿಡ್ನಿ ತೆಗೆದೇ ಆಗಿದೆ. ಕತ್ತಿನಲ್ಲಿ ಬಂದದ್ದು ಹೇಗೆ ಕಿಡ್ನಿ ಕ್ಯಾನ್ಸರ್ ಆಗ್ತದೆ?' ಮಾವನ ಪ್ರಶ್ನೆ. ಕ್ಯಾನ್ಸರಿಗೆ ಹೆಸರು ಅದು ಹುಟ್ಟಿದ ಜಾಗದ್ದು ಮಾವ, ಸೇರಿಕೊಂಡ ಜಾಗದ್ದಲ್ಲ ಅಂದೆ. ಬಗ್ ಕಾಣಿಸುವುದು ಒಂದು ಕಡೆ, ಹುಟ್ಟಿದ್ದು ಇನ್ನೊಂದು ಕಡೆ ಅನ್ನೋದು ನಮ್ಮ ಕೆಲಸದಲ್ಲಿ ದಿನಾ ಇರುವ ಗೋಳು.

ಹೆಸರಿನಲ್ಲೇನಿದೆ ಅನ್ನಬೇಡಿ. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ರೇಡಿಯೋ ಅಯೋಡಿನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕಿಡ್ನಿಯಿಂದ ಬಂದ ಕೋಶಗಳು ಅಯೋಡಿನ್ ಹೀರಿಕೊಳ್ಳುವುದೇ ಇಲ್ಲ. ಕಿಡ್ನಿ ಕ್ಯಾನ್ಸರ್ ಹತ್ತು, ಇಪ್ಪತ್ತು ವರ್ಷದ ನಂತರವೂ ಹೀಗೆ ತಲೆ ಎತ್ತುವುದುಂಟು. ನಿಮ್ಮ ಮನೆಯಲ್ಲೂ ಅಂಥ ಫೈಲ್ ಇದ್ದರೆ ದಯವಿಟ್ಟು ಅಟ್ಟಕ್ಕೆ ಹಾಕಬೇಡಿ. ಕೇಳದಿದ್ದರೂ ಡಾಕ್ಟರಿಗೆ ತೋರಿಸಿ.

ಬೇರೆಲ್ಲೂ ಹರಡಿರಲಿಲ್ಲವಾದ್ದರಿಂದ ಥೈರಾಯ್ಡ್ ಪೂರ್ತಿ ತೆಗೆದರು. ಇನ್ನು ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ, ಮುಂದೇನು ಅಂತ ಯಾರೂ ಭರವಸೆ ಕೊಟ್ಟಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ, ಆಮೇಲೆ ಅರ್ಧ ಗಂಟೆ ಕಾಯಬೇಕು. 'ಕ್ಯಾನ್ಸರ್ ಆದರೂ ತಡಕೊಳ್ಳಬಹುದು ಮಾರಾಯ, ಕಾಫಿ ಇಲ್ಲದ ಈ ಅರ್ಧ ಗಂಟೆ ಕಷ್ಟ' ಅಂತಾನೆ ಮಾವ.