ಗಿಡಕ್ಕ ಗಡ್ಡ ಬಂದ್ರ ಕೊಡ್ಲಿ ಹಿಡೀಬ್ಯಾಡ್ರಿ

ಶಿವರಾತ್ರಿ ಮುಗಿದು ಬಿಸಲು ಏರಿತಂದ್ರ ನಮ್ಮ ಕಡೆ ಖಾರ ಕುಟ್ಟಸೋ ಕೆಲಸ ಸುರು ಆಗ್ತೈತಿ. ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದು, ಮಾಳಗಿ ಮ್ಯಾಲ ಒಣಗಿಸಿ, ಮಸಾಲಿ ಸಾಮಾನು ಒಂದೊಂದ ಹುರಿದು ಗಿರಣಿಗೆ ಒಯ್ಯೋದು. ಹವೀಜ, ಜೀರಗಿ, ಮೆಂತೆ, ಲವಂಗ, ಚಕ್ಕಿ, ಒಣಕೊಬ್ಬರಿ ಇವೆಲ್ಲ ಯಾವ ಗಿಡದ್ದು, ಯಾವ ಬಳ್ಳಿದು ಅಂತ ಸಣ್ಣ ಹುಡುಗೂರಿಗೂ ಗೊತ್ತು. ಆದ್ರ ಅವುಗಳ ಜೋಡಿ ಒಂದು ಪುಡಿಕ್ಯಾಗ ಬರ್ತೈತಲ್ಲ, ಒಂದು ಮಗ್ಗಲ ಕರಿ, ಇನ್ನೊಂದು ಮಗ್ಗಲ ಬೂದಿ ಬಣ್ಣ, ಸುಟ್ಟ ಹಾಳಿ ಹಂಗ ಮುದುಡಿಕೊಂಡಿದ್ದು, ಆ ಕಲ್ಲಹೂ ಏನು ಅಂತ ಕೇಳಿದ್ರ ನಾವು ಒಬ್ಬರ ಮುಖ ಒಬ್ಬರು ನೋಡ್ತೀವಿ. ಈ ಸಲ ನಮ್ಮ ನೆಗೆಣ್ಣಿ ಮಗಳು ಕೇಳೇಬಿಟ್ಲು, "ದೊಡ್ಡವ್ವ, ಇದು ಯಾವ ಗಿಡದ ಹೂ?"

ಹೆಸರು ಕಲ್ಲಹೂ, ಆದ್ರ ಇದು ಹೂವೂ ಅಲ್ಲ, ಕಲ್ಲಿನ ಮ್ಯಾಲ ಅಷ್ಟ ಬೆಳಿಯೋದೂ ಅಲ್ಲ. ಅಂಗಡಿಗೆ ಬರೋದ್ರಾಗ ಬಾಳಷ್ಟು ಗಿಡದ ತೊಗಟಿ ಮ್ಯಾಲಿಂದ ಬಿಡಿಸಿದ್ದು. ನಂಬಿಕಿ ಬರಲಿಲ್ಲಂದ್ರ ಪುಡಿಕಿ ಬಿಚ್ಚಿ ಆರಿಸಿ ನೋಡ್ರಿ, ತೊಗಟಿ ಚೂರು ಸಿಕ್ಕೇ ಸಿಗ್ತಾವು. ಮರಾಠಿಯವರು ಇದಕ್ಕ ದಗಡಫೂಲ ಅಂತಾರ, ಗೋಡಾ ಮಸಾಲಿಗೆ ಇದು ಬೇಕ ಬೇಕು. ತಮಿಳರು ಕಲ್ಪಾಸಿ ಅಂತ ಕರೆದು ಚೆಟ್ಟಿನಾಡ ಅಡಗಿಗೆ ಹಾಕ್ತಾರ. ಆಯುರ್ವೇದದಾಗ ಇದರ ಹೆಸರು ಶೈಲೇಯ. ಇಂಥಾ ಜೀವಿಗಳಿಗೆಲ್ಲ ಸೇರಿ ಲೈಕೆನ್ ಅಂತ ಹೆಸರು. ನಮ್ಮ ದೇಶದಾಗ ಎರಡು ಸಾವಿರಕ್ಕೂ ಮಿಕ್ಕಿ ಜಾತಿ ಅದಾವು.

ಲೈಕೆನ್ ಅಂದ್ರ ಒಂದು ಜೀವ ಅಲ್ರೀ, ಒಂದು ಸಂಸಾರ. ಉಪ್ಪಿನಕಾಯಿ ಮ್ಯಾಲ ಬೂಷ್ಟು ಬರ್ತೈತಲ್ಲ, ಆ ಕುಲದ್ದೊಂದು ಶಿಲೀಂಧ್ರ ಮನಿ ಕಟ್ಟತೈತಿ, ನೀರು ಹಿಡಿದಿಡತೈತಿ. ಅದರ ಒಳಗ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಕುಂತು ಬಿಸಲಿನಾಗ ಅಡಗಿ ಮಾಡ್ತೈತಿ. ಇಬ್ಬರೂ ಹಂಚಿಕೊಂಡು ತಿಂತಾವು. 1867ರಾಗ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ ಅನ್ನೋ ಸಸ್ಯಶಾಸ್ತ್ರಜ್ಞ ಇದು ಎರಡು ಜೀವ ಕೂಡಿದ್ದು ಅಂದಾಗ ಆ ಕಾಲದ ದೊಡ್ಡ ದೊಡ್ಡ ಪಂಡಿತರು ನಕ್ಕುಬಿಟ್ಟಿದ್ರು. ಆಮ್ಯಾಲ ಅದ ಖರೇ ಆತು. 2016ರಾಗ ಇನ್ನೊಂದು ಸುದ್ದಿ ಬಂತು: ಕೆಲವು ಲೈಕೆನ್ನಿನ ತೊಗಲಿನಾಗ ಮೂರನೇದೊಂದು ಜೀವ, ಒಂದು ನಮೂನಿ ಈಸ್ಟ್, ಸೇರಿಕೊಂಡೈತಿ ಅಂತ. ನೂರೈವತ್ತು ವರ್ಷ ಗಂಡ ಹೆಂಡತಿ ಇಬ್ಬರ ಅದಾರ ಅಂತ ತಿಳಿದಿದ್ದ ಮನ್ಯಾಗ ಅತ್ತಿ ಕೂಡ ಇದ್ಲು ನೋಡ್ರಿ!

ಈಗ ಗಡ್ಡದ ಮಾತು. ನನ್ನ ತಂಗಿನ್ನ ಚಿಕ್ಕಮಗಳೂರ ಕಡೆ ಕೊಟ್ಟೈತಿ. ಅಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆ ಮಂಜು ಮುಸುಕೋ ಜಾಗದಾಗ ಗಿಡದ ಟೊಂಗಿಯಿಂದ ಹಸರು-ಬೂದಿ ಬಣ್ಣದ ಗಡ್ಡ ಜೋತು ಬಿದ್ದಿರ್ತೈತಿ. ಕೊಡಗಿನಾಗೂ ಹಂಗ. ದೂರದಿಂದ ನೋಡಿದ್ರ ಗಿಡಗೋಳೆಲ್ಲ ಮುದುಕರಾಗಿ ಕುಂತಾವು ಅನಸತೈತಿ. ಇದು ನಮ್ಮ ಕಲ್ಲಹೂವಿನ ತಂಗಿ, ಹೆಸರು ಉಸ್ನಿಯ. ಗುರ್ತು ಹಿಡಿಯೋದು ಸರಳ. ಒಂದು ಹಸಿ ಎಳಿ ಎರಡೂ ಕಡೆ ಹಿಡಿದು ಮೆಲ್ಲಕ ಜಗ್ಗಿದ್ರ ಮ್ಯಾಲಿನ ತೊಗಲು ಬಳಿ ಒಡೆದಂಗ ತುಂಡು ತುಂಡು ಆಗ್ತೈತಿ, ಒಳಗಿಂದ ಒಂದು ಬಿಳಿ ದಾರ ರಬ್ಬರಿನಂಗ ಹಿಗ್ಗತೈತಿ. ಬ್ಯಾರೆ ಯಾವ ಲೈಕೆನ್ನಿಗೂ ಇಂಥಾ ದಾರ ಸಹಸಾ ಇರಂಗಿಲ್ಲ. ನೆಲಕ್ಕ ಬಿದ್ದ ಎಳಿ ಸಿಕ್ರ ಜಗ್ಗಿ ನೋಡ್ರಿ, ಗಿಡದ ಮ್ಯಾಲಿಂದು ಹರೀಬ್ಯಾಡ್ರಿ.

ಇದಕ್ಕ ಬೇರಿಲ್ಲ. ಗಿಡದ ರಸ ಹೀರಂಗಿಲ್ಲ. ಟೊಂಗಿ ಅಂದ್ರ ಇದಕ್ಕ ಕುಂಡ್ರಾಕ ಒಂದು ಕಟ್ಟಿ, ಅಷ್ಟ. ಮಂಜು, ಮಳಿ, ಗಾಳಿಯಾಗಿನ ಧೂಳು ಇಷ್ಟರಾಗ ಹೊಟ್ಟಿ ತುಂಬಿಸಿಕೊಳ್ಳತೈತಿ. ಬಿಸಲು ಬಿದ್ರ ಒಣಗಿ ಕಡ್ಡಿ ಆಗಿ ಸತ್ತಂಗ ಮಲಗತೈತಿ, ನೀರು ತಾಗಿದ ಕೆಲವು ನಿಮಿಷದಾಗ ಮತ್ತ ಮೆತ್ತಗಾಗಿ ಎದ್ದು ಕುಂಡ್ರತೈತಿ. ಗಾಳಿಗೆ ಒಂದು ಚೂರು ಮುರಿದು ಇನ್ನೊಂದು ಟೊಂಗಿಗೆ ಸಿಕ್ಕೊಂಡ್ರ ಅಲ್ಲೇ ಹೊಸಾ ಸಂಸಾರ. ಆದ್ರ ಬೆಳಿಯೋದು ಬಾಳ ನಿಧಾನ. ಬಾಳಷ್ಟು ಲೈಕೆನ್ ವರ್ಷಕ್ಕ ಕೆಲವ ಮಿಲಿಮೀಟರ್ ಬೆಳೀತಾವು. ಖಾರಕ್ಕ ನಾವು ಹಾಕೋ ಒಂದು ಹಿಡಿ ಕಲ್ಲಹೂ ಹಿಂದ ಎಷ್ಟು ಮಳಿಗಾಲ ಅದಾವು, ನೀವ ಲೆಕ್ಕ ಹಾಕ್ರಿ.

ನಮ್ಮ ಗಳಗನಾಥದಾಗ ಗಡ್ಡ ಇಲ್ಲ. ವರದಾ, ತುಂಗಭದ್ರಾ ಎರಡೂ ಹೊಳಿ ಕೂಡೋ ಊರು ಖರೇ, ಆದ್ರ ಬಯಲು ಬಿಸಲು, ಗುಡ್ಡದ ಮಂಜು ಎಲ್ಲಿಂದ ಬರಬೇಕು? ನಮ್ಮಲ್ಲಿ ಇರೋದು ತೊಗಟಿಗೆ ಅಂಟಿಕೊಂಡ ಜಾತಿ. ಮಾವು, ತೆಂಗು, ಬೇವಿನ ಬೊಡ್ಡಿ ಮ್ಯಾಲ ಸುಣ್ಣ ಚಿಮುಕಿಸಿದಂಗ ದುಂಡ ದುಂಡ ಕಲಿ ಇರ್ತಾವಲ್ಲ, ಅವ. ಗಡ್ಡಕ್ಕೂ ಈ ಕಲಿಗೂ ಮೈ ಬ್ಯಾರೆ, ಸ್ವಭಾವ ಒಂದ.

ಈ ಕಲಿ ಸಲುವಾಗೇ ನಮ್ಮ ಹಿತ್ತಲದ ಮಾವಿನ ಗಿಡದ ಜೀವಕ್ಕ ಬಂದಿತ್ತು. ಅದು ನಮ್ಮ ಅತ್ತಿಯವರು ಮದಿವ್ಯಾಗಿ ಬಂದ ವರ್ಷ ತಾವ ಕೈಯಾರೆ ಹಚ್ಚಿದ ಗಿಡ. ಎರಡು ವರ್ಷದಿಂದ ಕಾಯಿ ಕಡಿಮಿ ಆಗಿ, ತುದಿ ಟೊಂಗಿ ಒಣಗಾಕ ಹತ್ತಿದ್ವು, ಬೊಡ್ಡಿ ತುಂಬ ಬಿಳಿ ಕಲಿ. ಗಿಡ ಕಡಿಯೋರು ಬಂದು, "ಗಿಡಕ್ಕ ಗಜಕರ್ಣ ಆಗೈತ್ರಿ ಅಮ್ಮಾರ, ಇನ್ನ ಉಳಿಯಂಗಿಲ್ಲ" ಅಂದು ಕಟಿಗಿಗೆ ರೇಟ ಕಟ್ಟಿ ಹೋದ್ರು. ಮನ್ಯಾಗ ಗಂಡಸರು ಹೂಂ ಅಂದಾಗಿತ್ತು. ಅತ್ತಿಯವರು ಏನೂ ಮಾತಾಡಲಿಲ್ಲ, ಅವತ್ತು ರಾತ್ರಿ ರೊಟ್ಟಿ ಮಾತ್ರ ಮುಟ್ಟಲಿಲ್ಲ.

ನಾನು ನನ್ನ ತಂಗಿಗೆ ಫೋನ್ ಹಚ್ಚಿದೆ. ಅವರ ಮನಿ ಸುತ್ತ ಗಿಡಕ್ಕೆಲ್ಲ ಗಡ್ಡ ಐತಿ, ಅವ್ಯಾವೂ ಸತ್ತಿಲ್ಲ. ಆಕಿ ಒಂದ ಮಾತು ಅಂದ್ಲು: "ಅಕ್ಕ, ತೊಗಟಿ ಮ್ಯಾಲಿಂದು ನೋಡಬ್ಯಾಡ, ಬುಡ ನೋಡು." ಬುಡ ನೋಡಿದ್ರ ತಿಳೀತು. ಮನಿ ರಿಪೇರಿ ಆದಾಗ ಗೌಂಡಿ ಬೊಡ್ಡಿಗೆ ಹತ್ತಿ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದ್ದ. ಮಳಿ ನೀರು ಬೇರಿಗೆ ಇಳಿಯಾಕ ದಾರಿನ ಇರಲಿಲ್ಲ. ಮ್ಯಾಲ ಒಂದು ತೂತಿನಾಗಿಂದ ಕಟಿಗಿ ಹಿಟ್ಟು ಉದರತಿತ್ತು, ಅದು ಕಾಂಡ ಕೊರೆಯೋ ಹುಳದ್ದು. ಗಿಡ ಸೊರಗಿ ಎಲಿ ಉದುರಿದಾಗ ಬೊಡ್ಡಿಗೆ ಬಿಸಲು, ಬೆಳಕು ಜಾಸ್ತಿ ಬೀಳತೈತಿ. ಬೆಳಕು ಬಂದಲ್ಲಿ ಲೈಕೆನ್ ಹಬ್ಬತೈತಿ. ಅಂದ್ರ ಗಿಡ ಸೊರಗಿದ್ದಕ್ಕ ಅದು ಹೆಚ್ಚಾತು, ಅದು ಬಂದಿದ್ದಕ್ಕ ಗಿಡ ಸೊರಗಿದ್ದಲ್ಲ. ನಾವು ಬಡಪಾಯಿ ಕಲಿ ಮ್ಯಾಲ ಅಪವಾದ ಹೊರಸ್ತಿದ್ವಿ.

ಬೊಡ್ಡಿ ಸುತ್ತ ಎರಡು ಮಾರು ಸಿಮೆಂಟ್ ಒಡಿಸಿ, ಮಣ್ಣು ಸಡಿಲ ಮಾಡಿ, ಕೊಟ್ಟಿಗಿ ಗೊಬ್ಬರ ಹಾಕಿದ್ವಿ. ಹುಳದ ತೂತಿನಾಗ ತಂತಿ ಬಿಟ್ಟು ಹುಳ ಎಳೆದು, ಬಾಯಿಗೆ ಮಣ್ಣು ಮೆತ್ತಿದ್ವಿ. ಒಣಗಿದ ಟೊಂಗಿ ಅಷ್ಟ ತಗಿಸಿದ್ವಿ. ಕಲಿನ್ನ ಯಾರೂ ಕೆರೀಲಿಲ್ಲ, ಕೆರೆದಿದ್ರ ತೊಗಟಿಗೆ ಗಾಯ ಆಗ್ತಿತ್ತು. ಈ ಮಳಿಗಾಲ ಆದ ಮ್ಯಾಲ ಕೆಂಪು ಚಿಗುರು ಬಂದೈತಿ. ಕಾಯಿ ಇನ್ನೂ ನೋಡಬೇಕು. ಅತ್ತಿಯವರು ದಿನಾ ಮುಂಜಾನೆ ಚಾ ಕುಡಿಯೋದು ಈಗ ಅದರ ಬುಡಕ್ಕ ಕುಂತ.

ಗಿಡಕ್ಕ ಲೈಕೆನ್ ಬಂದೈತಿ ಅಂದ್ರ ಗಾಳಿ ಇನ್ನೂ ಉಸರಾಡೋವಂಗ ಐತಿ ಅಂತ ತಿಳಿಬಹುದು. 1866ರಾಗ ಪ್ಯಾರಿಸ್ಸಿನಾಗ ವಿಲಿಯಂ ನೈಲ್ಯಾಂಡರ್ ಅನ್ನೋರು, ಊರಿನ ಹೊಗಿಯಾಗ ಲೈಕೆನ್ ಮಾಯ ಆಗ್ತಾವು ಅಂತ ಬರೆದಿಟ್ರು. (ಶ್ವೆಂಡನರನ ಮಾತು ಒಪ್ಪದ ಪಂಡಿತರಾಗ ಇವರೂ ಒಬ್ಬರು!) ಕಲ್ಲಿದ್ದಲ ಹೊಗಿಯಾಗಿನ ಗಂಧಕ ಇವಕ್ಕ ಆಗಿ ಬರಂಗಿಲ್ಲ, ಅದರಾಗೂ ಗಡ್ಡದ ಜಾತಿ ಎಲ್ಲಾರಕಿಂತ ಮೊದಲ ಹೋಗ್ತೈತಿ. ಬೇರಿಲ್ಲದ್ದಕ್ಕ ಗಾಳಿಯಾಗ ಇದ್ದದ್ದನ್ನೆಲ್ಲ ಮೈಯಿಂದ ಕುಡೀತೈತಿ. 1986ರಾಗ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ನಾರ್ವೆ, ಸ್ವೀಡನ್ ಕಡೆ ಲೈಕೆನ್ ವಿಷ ಹೀರಿಕೊಂಡು, ಅದನ್ನ ಮೇದ ಹಿಮಸಾರಂಗಗಳ ಮಾಂಸ ತಿನ್ನಾಕ ಬರದಂಗ ಆಗಿತ್ತು. ಅದಕ್ಕ ಹೈವೇ ಬಾಜೂಕಿನ ಗಿಡದ್ದು ಕಿತ್ತು ತಂದು ಮಸಾಲಿಗೆ ಹಾಕೋ ಉಸಾಬರಿಗೆ ಹೋಗಬ್ಯಾಡ್ರಿ.

ಓಣಿಯ ಹೆಣ್ಮಕ್ಕಳು ಮಲೆನಾಡಿಗೆ ಟ್ರಿಪ್ ಹೋಗಿ ಬಂದಾಗ ಹಿಡಿ ತುಂಬ ಗಡ್ಡ ತಂದು, "ಅಕ್ಕಾರ, ಇದನ್ನ ಪಡಸಾಲ್ಯಾಗ ತೂಗು ಹಾಕಿದ್ರ ಬೆಳೀತೈತೇನ್ರಿ?" ಅಂತ ಕೇಳ್ತಾರ. ಬೆಳಿಯಂಗಿಲ್ರಿ. ಇದಕ್ಕ ರಾತ್ರಿ ಮಂಜು ಬೇಕು, ಹಗಲು ಆರಬೇಕು, ತಂಪು ಗಾಳಿ ಬೇಕು. ಯಾವಾಗಲೂ ನೀರಾಗ ಇಟ್ರ ಕೊಳೀತೈತಿ, ನಮ್ಮ ಬಿಸಲಿನಾಗ ಇಟ್ರ ಒಣಗಿ ಬಣ್ಣ ಹೋಗ್ತೈತಿ. ಇದ್ದ ಟೊಂಗಿ ಮ್ಯಾಲ ಬಿಡೋದ ಇದರ ಆರೈಕಿ.

ಮನ್ಯಾಗ ಗಡ್ಡ ಬೇಕ ಬೇಕು ಅನ್ನೋರು ನರ್ಸರಿಯಾಗ ಸ್ಪ್ಯಾನಿಷ್ ಮಾಸ್ ಅಂತ ಸಿಗತೈತಿ, ಅದನ್ನ ತರ್ರಿ. ಹೆಸರಿಗೆ ಮಾಸ್, ನೋಡಾಕ ಉಸ್ನಿಯ, ಕುಲ ಅನಾನಸಿಂದು! ಅಮೆರಿಕಾ ಖಂಡದ್ದು, ಸಣ್ಣ ಹೂ ಬಿಡತೈತಿ. ಅದರ ಒಳಗೂ ದಾರ ಐತಿ, ಆದ್ರ ಕರಿದು. ಮಣ್ಣು ಬ್ಯಾಡ. ನೆರಳಿನಾಗ ಗಾಳಿ ಆಡೋ ಕಡೆ ತೂಗು ಹಾಕಿ ಮುಂಜಾನೆ ನೀರು ಚಿಮುಕಿಸ್ರಿ. ಬ್ಯಾಸಗ್ಯಾಗ ವಾರಕ್ಕ ಎರಡು ಸಲ ಬಕೀಟಿನಾಗ ಹತ್ತು-ಹದಿನೈದು ನಿಮಿಷ ಮುಳುಗಿಸಿ ಝಾಡಿಸಿ ಹಾಕ್ರಿ. ತಾಮ್ರದ ತಂತಿಗೆ ಕಟ್ಟಬ್ಯಾಡ್ರಿ, ಅದಕ್ಕ ತಾಮ್ರ ವಿಷ.

ಇನ್ನೊಂದು ಎಚ್ಚರ. ಉಸ್ನಿಯ ಕಷಾಯ ಕುಡಿದ್ರ ಅದು ಹೋಗ್ತೈತಿ, ಇದು ಹೋಗ್ತೈತಿ ಅಂತ ಫೋನಿನಾಗ ಬಂದಿದ್ದನ್ನ ನಂಬಬ್ಯಾಡ್ರಿ. ಅದರಾಗ ಉಸ್ನಿಕ್ ಆಮ್ಲ ಅಂತ ಐತಿ, ಕೆಲವು ರೋಗಾಣು ಕೊಲ್ಲತೈತಿ ಅನ್ನೋದು ಖರೇ. ಆದ್ರ ಅದ ಆಮ್ಲ ಹಾಕಿದ ತೂಕ ಇಳಸೋ ಗುಳಗಿ ತಿಂದು ಕೆಲವರ ಲಿವರ್ ಕೆಟ್ಟು, 2001ರಾಗ ಅಮೆರಿಕಾದ ಆಹಾರ-ಔಷಧ ಇಲಾಖೆ ಬ್ಯಾಡ ಅಂತ ಸಾರಿತ್ತು.

ಹಂಗಾದ್ರ ಕಲ್ಲಹೂ ಬಿಡೋದೇನು? ನಾನಂತೂ ಬಿಟ್ಟಿಲ್ಲ, ಅದಿಲ್ಲದ ಖಾರ ಖಾರ ಅನಸಂಗಿಲ್ಲ. ಆದ್ರ ಉತ್ತರಾಖಂಡದ ಕಾಡಿನಿಂದ ಮೂಟಿಗಟ್ಟಲೆ ಕಿತ್ತು ಮಾರ್ಕೆಟ್ಟಿಗೆ ಬರ್ತೈತಿ. ಅದ ರಾಜ್ಯದವರು 2020ರಾಗ ಮುನ್ಸ್ಯಾರಿಯಾಗ ಲೈಕೆನ್ನಿಗಂತ ಒಂದು ಉದ್ಯಾನ ಮಾಡ್ಯಾರ, ಮಂದಿಗೆ ಇದರ ಬೆಲಿ ತಿಳೀಲಿ ಅಂತ. ನಮ್ಮ ಪಾಲಿಗೆ ಉಳಿದಿದ್ದು ಹದ. ಹಸೀದಕ್ಕ ವಾಸನಿ ಇರಂಗಿಲ್ಲ, ಬಿಸಿ ಎಣ್ಣ್ಯಾಗ ಬಿದ್ದಾಗ ಏಳತೈತಿ. ಅದಕ್ಕ ಚಂದಂಗ ಆರಿಸಿ, ತೊಗಟಿ, ಹಳ್ಳು, ದಾರದಂಥಾ ಎಳಿ ತಗದು, ಕೊನಿಗೆ ಒಂದು ಚಮಚ ಎಣ್ಣ್ಯಾಗ ಸಣ್ಣ ಉರಿ ಮ್ಯಾಲ ಹುರೀರಿ. ಹಂಗ ಮಾಡಿದ್ರ ಅರ್ಧ ಹಿಡಿ ಸಾಕು. ಜಾಸ್ತಿ ಆದ್ರ ಖಾರ ಒಗರು, ಕಹಿ ಬರ್ತೈತಿ.

ಮುಂದಿನ ಮಳ್ಯಾಗ ನಿಮ್ಮ ಹಿತ್ತಲದ ಗಿಡ ನೆಂದಾಗ ಒಮ್ಮಿ ಹತ್ತಿರ ಹೋಗಿ ನೋಡ್ರಿ. ಬೂದಿ ಬಣ್ಣದ ಕಲಿ ಹಸರಾಗಿರ್ತಾವು. ಅದರ ಚೂರು ಒಯ್ದು ಜೇಡರ ನೂಲಿನಾಗ ಮೆತ್ತಿ ಸಣ್ಣ ಚಿತ್ರಪಕ್ಷಿ ಗೂಡು ಕಟ್ಟತೈತಿ, ಟೊಂಗಿ ಗಂಟು ಯಾವುದು, ಗೂಡು ಯಾವುದು ಗೊತ್ತಾಗಂಗಿಲ್ಲ. ಗಿಡ ಸೊರಗಿದ್ರ ಬುಡ, ಬೇರು, ಹುಳದ ತೂತು ನೋಡ್ರಿ. ತಿಳೀಲಿಲ್ಲಂದ್ರ ನಮ್ಮ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ. ಕಟಿಗಿ ರೇಟ ಕಟ್ಟಾಕ ಬಂದವರ ಮಾತು ಕೇಳೋದು ಎಲ್ಲಾದ್ರಕಿಂತ ಕಡೀಕ ಇರಲಿ.