ನಾಲ್ಕು ದಿನದಲ್ಲಿ ಬದಲಾದ ಆಲ್ಬಂ

ಹಲಸೂರಿನ ನಮ್ಮ ಬೀದಿಯಲ್ಲಿ ಕನ್ನಡದಷ್ಟೇ ತಮಿಳು, ತೆಲುಗು ಹಾಡುಗಳೂ ಕೇಳಿಸುತ್ತವೆ. ಅರ್ಥ ಆಗದ ಹಾಡನ್ನೂ ಇಷ್ಟಪಡೋದು ನನಗೆ ಚಿಕ್ಕಂದಿನಿಂದಲೇ ಅಭ್ಯಾಸ. ಹಾಗಾಗಿ ಜಪಾನಿನ ‘ಪರ್ಫ್ಯೂಮ್’ ತಂಡ ಸಿಕ್ಕಾಗ ಭಾಷೆ ಅಡ್ಡ ಬರಲಿಲ್ಲ. ಆ-ಚಾನ್, ಕಶಿಯುಕಾ, ನೊಚ್ಚಿ: ಹಿರೋಶಿಮಾದ ಮೂವರು ಗೆಳತಿಯರು. ಸಂಗೀತ ಯಾಸುತಾಕಾ ನಕಾಟಾ ಅವರದು.

‘ನೆಬ್ಯುಲಾ ರೊಮ್ಯಾನ್ಸ್’ ಎರಡನೇ ಭಾಗ 2025ರ ಸೆಪ್ಟೆಂಬರ್ 17ಕ್ಕೆ ಬಂತು. ಕೆ.ಆರ್. ಪುರದಿಂದ ಮನೆಗೆ ಬರುವಾಗ ಮೆಟ್ರೋದಲ್ಲೇ ಕೇಳಿದೆ. ಇನ್ನೂ ಯಾರೂ ತೆಗೆಯದ ಬಾಹ್ಯಾಕಾಶ ಸಿನಿಮಾದ ಹಾಡುಗಳ ಹಾಗಿದೆ. ಕಾಲು ತಾನಾಗೇ ತಾಳ ಹಾಕ್ತಿತ್ತು.

ನಾಲ್ಕೇ ದಿನಕ್ಕೆ ಸುದ್ದಿ ಬಂತು: 2026ರಿಂದ ತಂಡಕ್ಕೆ ವಿರಾಮ. ಅವರು ಇಟ್ಟ ಹೆಸರು ‘ಕೋಲ್ಡ್ ಸ್ಲೀಪ್’. ಅಂದ್ರೆ ತಂಡ ಒಡೆಯೋದಲ್ಲ, ನಿದ್ದೆ. ಮತ್ತೆ ಅದೇ ಮೆಟ್ರೋ, ಅದೇ ಹಾಡುಗಳು. ಈ ಸಲ ಪ್ರತಿ ಹಾಡಲ್ಲೂ ವಿದಾಯ ಹುಡುಕಿದೆ. ಬೀಟ್ ಒಂದಿಷ್ಟೂ ನಿಧಾನ ಆಗಿರಲಿಲ್ಲ, ಬದಲಾಗಿದ್ದು ನಾನು.

ಈಗ ನಮ್ಮದೂ ಕೊನೇ ಸೆಮಿಸ್ಟರ್. ಪ್ರಾಜೆಕ್ಟ್ ಬ್ಯಾಚಲ್ಲಿ ನಾವೂ ಮೂವರೇ. ಒಬ್ಬಳಿಗೆ ಪುಣೆಯಲ್ಲಿ ಕೆಲಸ, ಇನ್ನೊಬ್ಬಳಿಗೆ ಎಂಟೆಕ್ ಆಸೆ. ಆ ಮಾತು ಬಂದ್ರೆ ಮೂವರೂ ವಿಷಯ ಬದಲಿಸ್ತೀವಿ.

ಮೊನ್ನೆ ಪುಣೆಯವಳಿಗೆ ಒಂದು ಇಯರ್‌ಫೋನ್ ಕೊಟ್ಟೆ. “ಒಂದಕ್ಷರ ಅರ್ಥ ಆಗ್ತಿಲ್ಲ ಕಣೇ” ಅಂದಳು. ಆದರೆ ಇಂದಿರಾನಗರದಲ್ಲಿ ಇಳಿಯಬೇಕಾದವಳು, ಹಾಡು ಮುಗಿಯೋವರೆಗೂ ಅಂತ ಹಲಸೂರಿಗೇ ಬಂದಳು.