ಹತ್ತು ಮಂದಿಯ ನಿದ್ದೆ

ನಿದ್ದೆ ಬಾರದವನಿಗೆ ರಾತ್ರಿಯೊಂದು ಯುಗ; ಬಂದವನಿಗೆ ಅದೊಂದು ನಿಮಿಷ. ‘ಈ ಗುಳಿಗೆ ನುಂಗಿದೆ, ಸೊಗಸಾದ ನಿದ್ದೆ ಬಂತು’ ಎಂದು ನೆರೆಮನೆಯವರು ಹೇಳಿದರೆ ಸಾಕು, ಬೀದಿಯವರೆಲ್ಲ ಅದೇ ಗುಳಿಗೆಯನ್ನು ಹುಡುಕಿಕೊಂಡು ಹೊರಡುತ್ತಾರೆ. ನಿದ್ದೆಯನ್ನು ತಂದದ್ದು ಗುಳಿಗೆಯೋ ಅದೃಷ್ಟವೋ ಎಂದು ಕೇಳುವವರು ವಿರಳ.

ಅಂಥ ಪ್ರಶ್ನೆಯನ್ನು ಕೇಳಿದವರಲ್ಲೊಬ್ಬ ವಿಲಿಯಂ ಸೀಲಿ ಗಾಸೆಟ್. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಆತನ ಉದ್ಯೋಗ. ನಾಲ್ಕಾರು ಮಾದರಿಗಳಿಂದಲೇ ಸರಕಿನ ಗುಣವನ್ನು ನಿರ್ಣಯಿಸಬೇಕಾದ ಸಂಕಟ ಅಲ್ಲಿಯದು. ಇಷ್ಟು ಕೆಲವೇ ಅಂಕಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಆತ ಇದಕ್ಕೆ ಉತ್ತರ ಬರೆದ. ಕಾರ್ಖಾನೆಯ ಕಟ್ಟಳೆಗೆ ಮಣಿದು ಸ್ವಂತ ಹೆಸರನ್ನು ಮರೆಸಿ, ‘ಸ್ಟೂಡೆಂಟ್’, ಎಂದರೆ ವಿದ್ಯಾರ್ಥಿ, ಎಂದು ಅಂಕಿತ ಹಾಕಿದ. ಮುಂದೆ ‘ಟಿ-ಪರೀಕ್ಷೆ’ಯೆಂದು ಲೋಕವಿಖ್ಯಾತವಾದುದು ಆ ವಿದ್ಯಾರ್ಥಿಯ ಪಾಠವೇ.

ನಿದರ್ಶನಕ್ಕೆ ಆತ ಆರಿಸಿಕೊಂಡದ್ದು ಬಿಯರನ್ನಲ್ಲ, ನಿದ್ದೆಯನ್ನು. ಅಮೆರಿಕದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯ ಹತ್ತು ಮಂದಿ ರೋಗಿಗಳಿಗೆ ಎರಡು ನಿದ್ರೌಷಧಗಳನ್ನು ಬೇರೆ ಬೇರೆ ರಾತ್ರಿಗಳಲ್ಲಿ ಕೊಟ್ಟು ನೋಡಿದ ವಿವರ 1905ರಲ್ಲಿ ಪ್ರಕಟವಾಗಿತ್ತು. ಮೊದಲನೆಯದರಿಂದ ಹೆಚ್ಚಿದ ನಿದ್ದೆ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ.

ಈ ಅಂಕಿಗಳನ್ನು ಇಂದಿನ ತರುಣ ವೈದ್ಯನೊಬ್ಬ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಎರಡು ಕಾಲಂಗಳಾಗಿ ತುಂಬಿದನೆನ್ನಿ. ‘ಟಿ.ಟೆಸ್ಟ್’ ಎಂಬ ಸೂತ್ರ ನಾಲ್ಕು ಸಂಗತಿಗಳನ್ನು ಕೇಳುತ್ತದೆ: ಮೊದಲ ಕಾಲಂ ಯಾವುದು, ಎರಡನೆಯದು ಯಾವುದು, ಅಂತರವನ್ನು ಒಂದೇ ದಿಕ್ಕಿನಲ್ಲಿ ನೋಡಬೇಕೋ ಎರಡೂ ದಿಕ್ಕಿನಲ್ಲೋ, ಪರೀಕ್ಷೆ ಯಾವ ಬಗೆಯದು. ಎರಡೂ ದಿಕ್ಕಿನಲ್ಲಿ ಎಂದು ಸೂಚಿಸಿ, ಕೊನೆಯ ಪ್ರಶ್ನೆಗೆ ಆತ ಅವಸರದಲ್ಲಿ 2 ಎಂದು ಒತ್ತಿದ. ಹಾಳೆ 0.079 ಎಂದಿತು. ಔಷಧಗಳಲ್ಲಿ ಭೇದವೇ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದಲೇ ಇಷ್ಟು ಅಥವಾ ಇದಕ್ಕೂ ಮಿಗಿಲಾದ ಅಂತರ ನೂರಕ್ಕೆ ಎಂಟು ಸಲ ಕಂಡೀತೆಂದು ಅದರ ತಾತ್ಪರ್ಯ. ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ಮಾತ್ರ ಮನ್ನಣೆ ಕೊಡುವುದು ರೂಢಿ. ‘ಭೇದ ಸಿದ್ಧವಾಗಲಿಲ್ಲ’ ಎಂದು ಬರೆದು ಹಾಳೆಯನ್ನು ಮುಚ್ಚಬೇಕು, ಅಷ್ಟರಲ್ಲಿ ಆತನ ದೃಷ್ಟಿ ಅಡ್ಡಸಾಲುಗಳ ಮೇಲೆ ಹರಿಯಿತು.

ಹತ್ತು ಸಾಲು, ಹತ್ತು ಜೀವ. ಮೊದಲ ಔಷಧದಿಂದ ಒಬ್ಬರ ನಿದ್ದೆ 3.7 ಗಂಟೆ ಹೆಚ್ಚಿದ್ದರೆ, ಇನ್ನೊಬ್ಬರದು 1.6 ಗಂಟೆ ಕುಗ್ಗಿತ್ತು. ಇಂಥವರನ್ನು ಒಟ್ಟಿಗೆ ಕಲಸಿದರೆ ಮನುಷ್ಯ ಮನುಷ್ಯರ ನಡುವಣ ಭೇದದಲ್ಲಿ ಔಷಧದ ಭೇದ ಮುಳುಗಿಹೋಗುತ್ತದೆ. ಪ್ರತಿಯೊಬ್ಬರನ್ನೂ ಅವರೊಡನೆಯೇ ಹೋಲಿಸಬೇಕು. ಗಾಸೆಟ್ ಮಾಡಿದ್ದೂ ಅದನ್ನೇ. ಹಾಗೆ ನೋಡಿದರೆ ಒಂಬತ್ತು ಮಂದಿಗೆ ಎರಡನೆಯದೇ ಮೇಲು. ಒಬ್ಬರಿಗೆ ಎರಡೂ ಒಂದೇ. ವೈದ್ಯ 2ನ್ನು ಅಳಿಸಿ, ಜೋಡಿ ಹೋಲಿಕೆಯನ್ನು ಸೂಚಿಸುವ 1ನ್ನು ಒತ್ತಿದ. ಉತ್ತರ 0.0028: ಸಾವಿರಕ್ಕೆ ಮೂರು ಸಲದಷ್ಟು!

ಅಂಕಿಗಳು ಅವೇ, ಹಾಳೆಯೂ ಅದೇ. ತಪ್ಪು ಪ್ರಶ್ನೆಗೂ ಸರಿ ಪ್ರಶ್ನೆಗೂ ಯಂತ್ರ ಒಂದೇ ಗಾಂಭೀರ್ಯದಿಂದ ಉತ್ತರ ಕೊಡುತ್ತದೆ. ಉತ್ತರ ರುಚಿಸಲಿಲ್ಲವೆಂದು ಪರೀಕ್ಷೆಯ ಬಗೆಯನ್ನು ಬದಲಿಸುವವನು ವಂಚಕ. ಪ್ರಯೋಗ ನಡೆದ ರೀತಿಗೆ ಒಪ್ಪುವ ಬಗೆಯನ್ನು, ಸಾಧ್ಯವಾದರೆ ಉತ್ತರ ಕಾಣುವ ಮೊದಲೇ, ಆರಿಸಿಕೊಳ್ಳುವವನು ನಿಜವಾದ ವಿದ್ಯಾರ್ಥಿ. ಪ್ರತಿಯೊಂದು ಅಂಕಿಯ ಹಿಂದೆಯೂ ಕತ್ತಲಲ್ಲಿ ಕಣ್ಣು ತೆರೆದು ಮಲಗಿದ್ದ ಜೀವವೊಂದಿತ್ತೆಂಬುದನ್ನು ಆತ ಮರೆಯಲಾರ.